ಸ್ಟೆಪ್ನಿ ಇಲ್ಲದ ಕಾರು ಪಂಚರ್ ಆದಾಗ: ಮೊದಲು ಗಾಳಿ, ಆಮೇಲೆ ಸ್ಟ್ರಿಪ್, ಕೊನೆಗೆ ಸೀಲಂಟ್

ನನ್ನ ಕಾರಿನ ಡಿಕ್ಕಿಯ ತಳದ ಹಲಗೆ ಎತ್ತಿದರೆ ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಒಂದು ಥರ್ಮೋಕೋಲ್ ಅಚ್ಚು ಇದೆ. ಅದರೊಳಗೆ ಪುಟ್ಟ ಕಂಪ್ರೆಸರ್, ಪಕ್ಕದಲ್ಲಿ ಒಂದು ಬಾಟಲಿ ಸೀಲಂಟ್, ಅಂದರೆ ಟೈರಿನೊಳಗೆ ಹೊಕ್ಕು ತೂತು ಮುಚ್ಚುವ ಅಂಟುದ್ರವ. ಜಾಕ್ ಇಲ್ಲ, ವೀಲ್ ಸ್ಪ್ಯಾನರ್ ಇಲ್ಲ. ತೂಕ ಇಳಿಸಲು, ಬ್ಯಾಟರಿಗೆ ಜಾಗ ಮಾಡಲು ಎಂದು ಈಗ ಎಷ್ಟೋ ಕಾರುಗಳು ಹೀಗೇ ಬರುತ್ತಿವೆ. ಸ್ಟೆಪ್ನಿ ಇದ್ದಾಗ ಕೆಟ್ಟ ಟೈರ್ ಬಿಚ್ಚಿ ಡಿಕ್ಕಿಗೆ ಹಾಕಿದರೆ ಮುಗಿಯುತ್ತಿತ್ತು. ಈಗ ಪಂಚರ್ ಆದ ಅದೇ ಟೈರ್ ನಮ್ಮನ್ನು ಅಂಗಡಿವರೆಗೆ ಮುಟ್ಟಿಸಬೇಕು. ಹಾಗಾಗಿ ನಾನು ಮಾಡುವ ಪ್ರತಿಯೊಂದು ಕೆಲಸವೂ ಆ ಟೈರನ್ನು ಉಳಿಸಿಕೊಳ್ಳುವುದಕ್ಕೆ.

ಟೈರ್ ಹಾಳಾಗುವುದು ಮೊಳೆಯಿಂದಲ್ಲ, ಗಾಳಿ ಇಲ್ಲದೆ ಓಡಿಸುವುದರಿಂದ. ಗಾಳಿ ಇಳಿದ ಟೈರಿನ ಮೇಲೆ ಕಾರಿನ ಭಾರ ಕೂತರೆ ಅದರ ಪಕ್ಕೆ ಮಡಚಿಕೊಂಡು ರಿಮ್ಮಿಗೂ ರಸ್ತೆಗೂ ನಡುವೆ ಅರೆಯುತ್ತದೆ. ಒಂದೆರಡು ಕಿಲೋಮೀಟರ್ ಹಾಗೆ ಹೋದರೆ ಸಾಕು, ಒಳಗೆ ಕಪ್ಪು ರಬ್ಬರ್ ಪುಡಿ ಉದುರಿರುತ್ತದೆ. ಆ ಟೈರಿಗೆ ಮತ್ತೆ ಯಾವ ರಿಪೇರಿಯೂ ನಿಲ್ಲುವುದಿಲ್ಲ. ಆದ್ದರಿಂದ ಸ್ಟೀರಿಂಗ್ ಒಂದು ಕಡೆ ಎಳೆದರೆ, ಹಿಂದುಗಡೆ ತೂಗಾಡಿದಂತೆ ಅನಿಸಿದರೆ, ಟೈರ್ ಪ್ರೆಶರ್ ದೀಪ ಹತ್ತಿದರೆ, ಬ್ರೇಕ್ ಗಟ್ಟಿಯಾಗಿ ಒತ್ತದೆ ವೇಗ ಇಳಿಸಿ, ಸಮತಟ್ಟಾದ ಗಟ್ಟಿ ನೆಲ ಸಿಕ್ಕಿದ ಕೂಡಲೇ ನಿಲ್ಲಿಸುತ್ತೇನೆ. ಆದರೆ ತಿರುವಿನಲ್ಲಿ, ಸೇತುವೆ ಮೇಲೆ, ಹಿಂದಿನಿಂದ ಲಾರಿಗಳು ನುಗ್ಗುವ ಕಡೆ ನಿಲ್ಲುವುದಿಲ್ಲ. ಅಂಥಲ್ಲಿ ಟೈರ್ ಹೋದರೂ ಪರವಾಗಿಲ್ಲ, ನಿಧಾನಕ್ಕೆ ಉರುಳಿಸಿಕೊಂಡು ಮುಂದೆ ಹೋಗುತ್ತೇನೆ. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಜೊತೆಯಲ್ಲಿರುವವರನ್ನು ರಸ್ತೆಯಿಂದ ದೂರ ನಿಲ್ಲಿಸಿ, ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರ ಇಟ್ಟ ಮೇಲೆಯೇ ಟೈರಿನ ಕಡೆ ನೋಡುವುದು.

ಮೊಳೆಯೋ ಸ್ಕ್ರೂವೋ ಕಣ್ಣಿಗೆ ಬಿದ್ದರೆ ಅದನ್ನು ಕೀಳಲು ಕೈ ತುರಿಸುತ್ತದೆ. ಕೀಳಬೇಡಿ. ಅದು ಅಲ್ಲೇ ಕೂತು ತೂತನ್ನು ತಾನೇ ಅರ್ಧ ಮುಚ್ಚಿರುತ್ತದೆ. ಎಷ್ಟೋ ಸಲ ಗಾಳಿ ಗಂಟೆಗಟ್ಟಲೆ ಜಿನುಗುತ್ತಾ ಇಳಿಯುವುದು ಇದರಿಂದಲೇ. ನಾನು ಮೊದಲು ಕಂಪ್ರೆಸರ್ ಹಚ್ಚುತ್ತೇನೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಗಾಳಿ ಬೇಕು ಎಂದು ಇರುತ್ತದೆ. ಸಾಮಾನ್ಯ ಕಾರುಗಳಿಗೆ 30ರಿಂದ 36 ಪಿಎಸ್‌ಐ ಆಸುಪಾಸು. ಎಂಜಿನ್ ಚಾಲೂ ಇಟ್ಟೇ ಕಂಪ್ರೆಸರ್ ಓಡಿಸುವುದು ಒಳ್ಳೆಯದು, ಇಲ್ಲದಿದ್ದರೆ ಪಂಚರ್ ಜೊತೆಗೆ ಬ್ಯಾಟರಿಯೂ ಕೂತೀತು. ಈ ಪುಟ್ಟ ಯಂತ್ರಗಳು ಬೇಗ ಕಾಯುತ್ತವೆ. ಹತ್ತು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ಆರಲು ಬಿಡುತ್ತೇನೆ. ವಾಲ್ವಿಗೆ ಸಿಕ್ಕಿಸುವ ಹಿತ್ತಾಳೆ ತುದಿಯಂತೂ ಬರಿಗೈಯಲ್ಲಿ ಮುಟ್ಟಲಾಗದಷ್ಟು ಸುಡುತ್ತದೆ, ಅದಕ್ಕೇ ಒಂದು ಜೊತೆ ಕೈಗವಸು ಆ ಅಚ್ಚಿನಲ್ಲೇ ಇಟ್ಟಿದ್ದೇನೆ.

ಗಾಳಿ ತುಂಬಿಸಿ ಐದು ನಿಮಿಷ ಕಾಯುತ್ತೇನೆ. ಪ್ರೆಶರ್ ಮೀಟರಿನ ಮುಳ್ಳು ಅಲ್ಲಾಡದೆ ನಿಂತರೆ, ಅಥವಾ ಒಂದೆರಡು ಪಿಎಸ್‌ಐ ಮಾತ್ರ ಇಳಿದರೆ, ಬೇರೆ ಏನೂ ಮಾಡದೆ ನಿಧಾನವಾಗಿ ಹತ್ತಿರದ ಪಂಚರ್ ಅಂಗಡಿಗೆ ಹೋಗುತ್ತೇನೆ, ದಾರಿಯಲ್ಲಿ ನಿಲ್ಲಿಸಿ ಮತ್ತೆ ಪರೀಕ್ಷಿಸುತ್ತೇನೆ. ಎಷ್ಟೋ ಪಂಚರ್‌ಗಳಿಗೆ ಇಷ್ಟೇ ಸಾಕು.

ಗಾಳಿ ನಿಲ್ಲದೆ ಹೋದರೆ ಹೊರಗಿನಿಂದ ತೂತಿಗೆ ತುರುಕುವ ಸ್ಟ್ರಿಪ್. ಕಂಪನಿಯ ಕಿಟ್‌ನಲ್ಲಿ ಇದು ಇರಲಿಲ್ಲ, ನಾನೇ ಕೊಂಡು ಸೇರಿಸಿದ್ದು: ಟಿ ಆಕಾರದ ಹಿಡಿಯ ಎರಡು ಉಪಕರಣ (ಒಂದಕ್ಕೆ ಗರಗಸದಂಥ ಹಲ್ಲು, ಇನ್ನೊಂದು ಕಣ್ಣಿರುವ ದಪ್ಪ ಸೂಜಿ), ಅಂಟು ಮೆತ್ತಿದ ಕಂದು ರಬ್ಬರ್ ಸ್ಟ್ರಿಪ್‌ಗಳು, ಇಕ್ಕಳ, ಸಣ್ಣ ಬಾಟಲಿಯಲ್ಲಿ ಸಾಬೂನು ನೀರು. ಜಾಕ್ ಇಲ್ಲದಿದ್ದರೂ ಈ ಕೆಲಸ ಆಗುತ್ತದೆ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಟ್ರೆಡ್, ಅಂದರೆ ಟೈರಿನ ನೆಲಕ್ಕೆ ತಾಗುವ ಮೈ, ಹೊರಗೆ ಬರುತ್ತದೆ. ಹಿಂದಿನದಕ್ಕೆ ಆ ಅನುಕೂಲ ಇಲ್ಲ. ಒಮ್ಮೆ ಎಡ ಹಿಂಚಕ್ರದಲ್ಲಿ ಸ್ಕ್ರೂ ಸಿಕ್ಕಿಕೊಂಡಿತ್ತು, ತಲೆ ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು, ಆದರೆ ನೆಲಕ್ಕೆ ಅಂಟಿಕೊಂಡಿತ್ತು. ಟೈರಿಗೆ ಗಾಳಿ ತುಂಬಿ, ಕಾರನ್ನು ಅಂಗೈಯಗಲ ಅಂಗೈಯಗಲ ಮುಂದಕ್ಕೆ ಉರುಳಿಸಿ, ಸ್ಕ್ರೂ ಚಕ್ರದ ಹಿಂಭಾಗದಲ್ಲಿ ಮೊಣಕಾಲಿನ ಎತ್ತರಕ್ಕೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆದೆ. ಚಕ್ರಗಳ ಅಡಿಗೆ ಕಲ್ಲು ಕೊಟ್ಟೆ. ಕೈ ಆಡುವಷ್ಟು ಜಾಗ ಸಿಕ್ಕಿತು.

ಸ್ಟ್ರಿಪ್ ಹಾಕುವಾಗ ಟೈರಿನಲ್ಲಿ ಗಾಳಿ ಇದ್ದರೇ ಒಳ್ಳೆಯದು. ಮೆತ್ತಗಿನ ಟೈರ್ ಒತ್ತಿದತ್ತ ಒಳಗೆ ಕುಸಿಯುತ್ತದೆ, ಉಪಕರಣ ನಾಟುವುದಿಲ್ಲ. ಹಾಗಾಗಿ ಮೊದಲು ಸ್ಟ್ರಿಪ್ಪನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಎರಡೂ ತುದಿ ಸಮ ಮಾಡಿ, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಸ್ಕ್ರೂ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ಗಮನವಿಟ್ಟು ನೋಡಿ ಇಕ್ಕಳದಿಂದ ಕೀಳುತ್ತೇನೆ. ಬುಸ್ಸೆಂದು ಗಾಳಿ ಹೊರಡುತ್ತದೆ, ಅದಕ್ಕೆ ಗಾಬರಿ ಬೇಡ. ಗರಗಸದಂಥ ಹಲ್ಲಿನ ಉಪಕರಣವನ್ನು ಅದೇ ಓರೆಯಲ್ಲಿ ತೂರಿಸಿ ನಾಲ್ಕಾರು ಸಲ ಒಳಗೂ ಹೊರಗೂ ಆಡಿಸಬೇಕು. ಟೈರಿನೊಳಗಿನ ಉಕ್ಕಿನ ತಂತಿಗಳು ಅದರ ಹಲ್ಲಿಗೆ ಸಿಕ್ಕಿ ಕಚ್ಚುತ್ತವೆ. ಇಲ್ಲಿ ಬಲ ಬೇಕು, ಮೈಭಾರ ಹಾಕಿಯೇ ಒತ್ತಬೇಕು. ತಂತಿಯ ಚೂಪು ತುದಿಗಳು ಉಜ್ಜಿಹೋಗದಿದ್ದರೆ ಅವೇ ನಾಳೆ ಸ್ಟ್ರಿಪ್ಪನ್ನು ಕೊಯ್ಯುತ್ತವೆ. ನಂತರ ಸೂಜಿಯನ್ನು ಒಳಕ್ಕೆ ತಳ್ಳಿ, ಸ್ಟ್ರಿಪ್ಪಿನ ತುದಿಗಳು ಹೆಬ್ಬೆರಳಗಲ ಹೊರಗೆ ಉಳಿದಾಗ ನಿಲ್ಲಿಸಿ, ತಿರುಚದೆ ಒಂದೇ ಏಟಿಗೆ ಎಳೆದರೆ ಸೂಜಿ ಬರುತ್ತದೆ, ಸ್ಟ್ರಿಪ್ ಒಳಗೆ ಮಡಚಿಕೊಂಡು ಉಳಿಯುತ್ತದೆ. ಮತ್ತೆ ಗಾಳಿ ತುಂಬಿ, ಮೇಲೆ ಸಾಬೂನು ನೀರು ಸುರಿದು ನೋಡುತ್ತೇನೆ. ಆ ದಿನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು, ಅದೇ ತೂತಿಗೆ ಇನ್ನೊಂದು ಸ್ಟ್ರಿಪ್ ತೂರಿಸಿದ ಮೇಲೆ ನಿಂತವು. ಹೊರಗೆ ಉಳಿದ ಬಾಲವನ್ನು ಸ್ವಲ್ಪ ಬಿಟ್ಟು ಕತ್ತರಿಸಿದರಾಯಿತು.

ಇದೆಲ್ಲ ಟ್ರೆಡ್‌ನ ಮಾತು. ಪಕ್ಕೆಯಲ್ಲಿ ತೂತಾಗಿದ್ದರೆ, ಸೀಳಿದ್ದರೆ, ಟೈರ್ ರಿಮ್ಮಿನಿಂದ ಕಳಚಿಕೊಂಡಿದ್ದರೆ, ನಾನು ಕಿಟ್ಟನ್ನೇ ಬಿಚ್ಚುವುದಿಲ್ಲ. ಪಕ್ಕೆಯಲ್ಲಿ ಉಕ್ಕಿನ ಪಟ್ಟಿ ಇರುವುದಿಲ್ಲ, ಉರುಳುವಾಗಲೆಲ್ಲ ಅದು ಬಾಗುತ್ತದೆ, ಸ್ಟ್ರಿಪ್ ಅಲ್ಲಿ ನಂಬಿಕೆಗೆ ಯೋಗ್ಯವಲ್ಲ. ರಿಮ್ ಬಿಟ್ಟ ಟೈರನ್ನು ಮತ್ತೆ ಕೂರಿಸುವಷ್ಟು ರಭಸ ಈ ಪುಟ್ಟ ಕಂಪ್ರೆಸರಿಗೆ ಇಲ್ಲ. ಅಂಥ ಹೊತ್ತಿನಲ್ಲಿ ವಿಮೆಯ ರಸ್ತೆ ಸಹಾಯಕ್ಕೆ ಫೋನ್ ಮಾಡಿ, ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿಯನ್ನೇ ಕೇಳುತ್ತೇನೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರುಗಳನ್ನು ಎರಡು ಚಕ್ರ ಎತ್ತಿ ಎಳೆದರೆ ಒಳಗಿನ ಗೇರುಗಳೇ ಕೆಡಬಹುದು. ಎಳೆಯುವ ಕೊಕ್ಕೆ ಡಿಕ್ಕಿಯ ಅಚ್ಚಿನಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಅದರ ತಿರುಪು ಉಲ್ಟಾ, ಎಡಕ್ಕೆ ತಿರುಗಿಸಿ ಬಿಗಿಯಬೇಕು. ಕತ್ತಲಲ್ಲಿ ತಡಕಾಡುವ ಮೊದಲೇ ಒಮ್ಮೆ ಹಾಕಿ ನೋಡಿಟ್ಟುಕೊಳ್ಳಿ.

ಸೀಲಂಟ್‌ಗೆ ನಾನು ಕೊನೆಯ ಸ್ಥಾನ ಕೊಟ್ಟಿದ್ದೇನೆ. ಮಳೆ, ನಡುರಾತ್ರಿ, ಮೊಳೆ ಕೈಗೆ ಸಿಗದ ಜಾಗದಲ್ಲಿದೆ, ಅಲ್ಲಿ ನಿಲ್ಲುವುದೇ ಅಪಾಯ ಅನಿಸಿದರೆ ಅದನ್ನು ಬಳಸಲೇಬೇಕು. ಟ್ರೆಡ್‌ನಲ್ಲಿ ಸುಮಾರು 6 ಮಿಲಿಮೀಟರ್‌ವರೆಗಿನ ತೂತನ್ನು ಅದು ಮುಚ್ಚುತ್ತದೆ. ಆದರೆ ಬಾಟಲಿ ಒಂದೇ ಸಲಕ್ಕೆ, ಟೈರಿನೊಳಗೆ ಹಾಲಿನಂಥ ಅಂಟು ಹರಡಿ ಅಂಗಡಿಯವರಿಗೆ ಕೆಲಸ ಹೆಚ್ಚು, ಪ್ರೆಶರ್ ಸೆನ್ಸರಿಗೂ ಅಂಟಿಕೊಳ್ಳಬಹುದು. ಹಾಕಿದ ಕೂಡಲೇ ಕಾರು ಓಡಿಸಬೇಕು, ಆಗಲೇ ಅದು ಒಳಗೆಲ್ಲ ಹರಡುವುದು. ಕೆಲವು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಗಾಳಿ ನೋಡುತ್ತೇನೆ. 19 ಪಿಎಸ್‌ಐಗಿಂತ ಕೆಳಗೆ ಇಳಿದಿದ್ದರೆ ಮುಂದೆ ಹೋಗುವುದಿಲ್ಲ, ಸಹಾಯಕ್ಕೆ ಕರೆಯುತ್ತೇನೆ. ಇಳಿಯದಿದ್ದರೂ 80 ಕಿಲೋಮೀಟರ್ ವೇಗ ದಾಟುವುದಿಲ್ಲ.

ಅಂಗಡಿಯಲ್ಲಿ ಎರಡು ವಿಷಯ ಬಿಡದೆ ಹೇಳುತ್ತೇನೆ. ಸೀಲಂಟ್ ಹಾಕಿದ್ದರೆ ಟೈರ್ ಬಿಚ್ಚುವ ಮುಂಚೆಯೇ ತಿಳಿಸುವುದು ಒಂದು. ಹೊರಗಿನಿಂದ ಸ್ಟ್ರಿಪ್ ಹಾಕಿ ಗಾಳಿ ನಿಂತಿದೆ ಅಂತ ಹಾಗೇ ಕಳಿಸದೆ, ಟೈರನ್ನು ರಿಮ್ಮಿನಿಂದ ತೆಗೆಸಿ ಒಳಮೈ ನೋಡಿಸುವುದು ಇನ್ನೊಂದು. ರಬ್ಬರ್ ಪುಡಿ, ಪಕ್ಕೆಯ ಒಳಗೆ ಸುತ್ತಲೂ ಸವೆದ ಗೆರೆ ಕಂಡರೆ ಆ ಟೈರ್ ಬದಲಿಸಲೇಬೇಕು. ಶುಭ್ರವಾಗಿದ್ದರೆ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸುತ್ತೇನೆ. ತೂತನ್ನು ತುಂಬಿ, ಒಳಪದರವನ್ನೂ ಮುಚ್ಚುವುದು ಅದೊಂದೇ.

ಮನೆಗೆ ಬಂದ ದಿನವೇ ಖರ್ಚಾದ ಸ್ಟ್ರಿಪ್‌ಗಳನ್ನು ತುಂಬಿಸಿಡುತ್ತೇನೆ. ಸೀಲಂಟ್ ಬಾಟಲಿಯ ಮೇಲಿನ ಅವಧಿಯನ್ನೂ ಆಗಲೇ ನೋಡುತ್ತೇನೆ, ಸಾಮಾನ್ಯವಾಗಿ ನಾಲ್ಕೈದು ವರ್ಷಕ್ಕೆ ಅದು ಮುಗಿಯುತ್ತದೆ. ಬಳಸಿದ್ದ ಬಾಟಲಿಗೆ ಬದಲು ತರುವವರೆಗೆ ದೂರದ ಪ್ರಯಾಣ ಹೊರಡುವುದಿಲ್ಲ.