ಪೈಪಿನ ಜೊತೆ ಒಂದು ತಂತಿಯನ್ನೂ ಹೂಳಿದೆ

ನಮ್ಮದು ಬದಿಯಡ್ಕದ ಹತ್ತಿರದ ಅಡಿಕೆ ತೋಟ. ಸುರಂಗದ (ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಬಿಲ) ನೀರು ಗುಡ್ಡೆಯ ಮೇಲಿನ ಟ್ಯಾಂಕಿಗೆ ಬರುತ್ತದೆ, ಅಲ್ಲಿಂದ ಪೈಪಿನಲ್ಲಿ ಕೆಳಗಿನ ತೋಟಕ್ಕೆ. ಆ ಪೈಪ್ ಎಲ್ಲೆಲ್ಲಿ ತಿರುಗಿದೆ ಎಂದು ಸರಿಯಾಗಿ ಗೊತ್ತಿದ್ದದ್ದು ಅಪ್ಪನಿಗೆ. ಅವರು ತೀರಿಕೊಂಡ ಮೇಲೆ ಒಂದು ಫೆಬ್ರವರಿಯಲ್ಲಿ ತೋಟದ ದಾರಿ ಅಗಲ ಮಾಡಲು ಜೆಸಿಬಿ ತರಿಸಿದೆ. ಒಂದೇ ದಿನ ಎರಡು ಕಡೆ ಪೈಪ್ ಹರಿಯಿತು. ಆರು ದಿನ ತೋಟಕ್ಕೆ ನೀರಿಲ್ಲ. ಎಳೆ ಗಿಡಗಳ ಸೋಗೆ ಬಾಡುವುದನ್ನು ನೋಡುತ್ತಾ ನಿಲ್ಲುವುದು ಎಷ್ಟು ಕಷ್ಟ ಎಂದು ತೋಟ ಇದ್ದವರಿಗೆ ಗೊತ್ತು.

ಹೊಸದಾಗಿ 320 ಮೀಟರ್ ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪ್ ಹಾಕುವಾಗ ಪೈಪಿನ ಉದ್ದಕ್ಕೂ ಟ್ರೇಸರ್ ವೈರ್ ಇಡಲೇಬೇಕು ಎಂದು ನಿರ್ಧರಿಸಿದೆ. ಪ್ಲಾಸ್ಟಿಕ್ ಪೈಪಿನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ನೆಲದೊಳಗಿನ ಲೈನ್ ಹುಡುಕುವ ಲೊಕೇಟರ್ ಮೆಷಿನ್‌ಗೆ ಅದು ಸಿಗುವುದಿಲ್ಲ. ಪಕ್ಕದಲ್ಲಿ ತಂತಿ ಇದ್ದರೆ ಅದಕ್ಕೆ ಸಿಗ್ನಲ್ ಕೊಟ್ಟು, ಮೇಲಿಂದ ರಿಸೀವರ್ ಹಿಡಿದು ನಡೆದರೆ ಸಾಕು. ಪೈಪ್ ಹೋದ ದಾರಿ ಗೊತ್ತಾಗುತ್ತದೆ.

ಯಾವ ತಂತಿ? ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ್ದು) ಅಗ್ಗ, ಆದರೆ ನಮ್ಮ ಮಳೆಗೆ ತುಕ್ಕು ಹಿಡಿದು ತುಂಡಾಗುತ್ತದೆ. ಅಲ್ಯೂಮಿನಿಯಂ ಬೇಡವೇ ಬೇಡ. ಮೇಲಿನ ಕವಚಕ್ಕೆ ಸಣ್ಣ ಗಾಯವಾದರೂ ಒದ್ದೆ ಮಣ್ಣಿನಲ್ಲಿ ಬೇಗ ತಿಂದುಹೋಗುತ್ತದೆ. ಉಕ್ಕಿನ ಮೇಲೆ ತಾಮ್ರ ಹೊದಿಸಿದ ತಂತಿಯೂ ಇದೆ. ಮಣ್ಣಿನೊಳಗೆ ಡ್ರಿಲ್ ಮಾಡಿ ಪೈಪ್ ಎಳೆಯುವ ಕಡೆ ಅದರ ಬಲ ಬೇಕು, ಕಣಿ ತೋಡಿ ಹಾಕುವವರಿಗೆ ಅಗತ್ಯವಿಲ್ಲ. ಅಮೆರಿಕದಲ್ಲಿ ಹೆಚ್ಚಾಗಿ 12 ಅಥವಾ 14 ಗೇಜಿನ ತಾಮ್ರ ಬಳಸುತ್ತಾರೆ, ಅಂದರೆ ಸುಮಾರು 3.3 ಮತ್ತು 2.1 ಚದರ ಮಿ.ಮೀ. ನಾನು ಎರಡರ ನಡುವಿನ 2.5 ತೆಗೆದುಕೊಂಡೆ. ಎಳೆಎಳೆಯ ತಂತಿ ಬೇಡ, ಒಂಟಿ ಎಳೆಯದ್ದೇ ಬೇಕು ಎಂದು ಹಟ ಹಿಡಿದೆ. ತುದಿಯಲ್ಲಿ ನೀರು ಸೇರಿದರೆ ಎಳೆಗಳ ನಡುವೆ ದೀಪದ ಬತ್ತಿಯಂತೆ ಒಳಗೆ ಹೀರುತ್ತದೆ. ಕವಚ ಪಾಲಿಥೀನ್‌ನದ್ದು. ಮನೆ ವೈರಿಂಗ್‌ನ ಪಿವಿಸಿ ಕವಚ ವರ್ಷಗಟ್ಟಲೆ ಒದ್ದೆ ಮಣ್ಣಿನಲ್ಲಿ ಇರಲು ಮಾಡಿದ್ದಲ್ಲ. ಬಣ್ಣ ನೀಲಿ, ಕುಡಿಯುವ ನೀರಿನ ಲೈನಿಗೆ ಅಮೆರಿಕದಲ್ಲಿ ಬಳಸುವ ಗುರುತು ಅದು.

ಇಷ್ಟೆಲ್ಲ ಯೋಚಿಸಿದರೂ ಕೆಲಸ ಕೆಡುವುದು ಜಾಯಿಂಟ್‌ಗಳಲ್ಲಿ. ತಂತಿ ಬಂದದ್ದು 90 ಮೀಟರಿನ ಕಾಯಿಲ್‌ಗಳಲ್ಲಿ, ನಾಲ್ಕು ಬೇಕಾಯಿತು. ಅಂದರೆ ಮೂರು ಜಾಯಿಂಟ್. ತಿರುಚಿ ಟೇಪ್ ಸುತ್ತಿ ಹೂಳಿಬಿಟ್ಟರೆ ಮಳೆಗಾಲದ ನೀರು ಒಳಗೆ ಹೋಗಿ ತಾಮ್ರ ಹಸಿರಾಗುತ್ತದೆ, ಆಮೇಲೆ ಆ ಜಾಯಿಂಟನ್ನು ಹುಡುಕಲು ಪುನಃ ಅಗೆಯಬೇಕು. ಹಾಗಾಗಿ ಒಂದು ಜಾಯಿಂಟನ್ನೂ ಹೂಳಲಿಲ್ಲ. ಮೂರನ್ನೂ ವಾಲ್ವ್ ಇರುವ ಜಾಗಕ್ಕೇ ಬರುವಂತೆ ಲೆಕ್ಕ ಹಾಕಿ, ತುದಿಗಳನ್ನು ಮೇಲೆ ತಂದು, ಮುಚ್ಚಳದ ಪೆಟ್ಟಿಗೆಯೊಳಗೆ ಸ್ಕ್ರೂ ಕನೆಕ್ಟರ್‌ನಲ್ಲಿ ಸೇರಿಸಿದೆ. ಎಲ್ಲೋ ಹೂಳಲೇಬೇಕಾಗಿ ಬಂದರೆ ಬೋರ್‌ವೆಲ್ ಮೋಟರ್ ಇಳಿಸುವವರ ಹತ್ತಿರ ಜಾಯಿಂಟ್ ಮಾಡಿಸಿ. ನೀರಿನೊಳಗೇ ಇರುವ ಕೇಬಲ್ ಸೇರಿಸುವುದು ಅವರಿಗೆ ನಿತ್ಯದ ಕೆಲಸ ಅಲ್ವಾ?

ಕಣಿ ಎರಡು ಅಡಿ ಆಳ. ಮುರಕಲ್ಲಿನ ಚೂರುಗಳು ಬ್ಲೇಡಿನ ಹಾಗೆ, ಅದಕ್ಕೆ ಅಡಿಗೆ ನಯ ಮಣ್ಣು ಹಾಸಿದೆವು. ತಂತಿಯನ್ನು ಪೈಪಿಗೆ ಸುತ್ತಲಿಲ್ಲ. ಪಕ್ಕದಲ್ಲಿ ನೇರ ಇಟ್ಟು ಎರಡೆರಡು ಮೀಟರಿಗೆ ಟೇಪ್ ಹಾಕಿ, ನಡುನಡುವೆ ಸ್ವಲ್ಪ ಸಡಿಲ ಬಿಟ್ಟೆ. ಎಚ್‌ಡಿಪಿಇ ಬಿಸಿಲಿಗೆ ಹಿಗ್ಗುತ್ತದೆ. 100 ಮೀಟರ್ ಪೈಪ್ 10 ಡಿಗ್ರಿ ಬಿಸಿ ಏರಿದರೆ 15 ಸೆಂಟಿಮೀಟರಿಗೂ ಜಾಸ್ತಿ ಉದ್ದವಾಗಬಹುದು. ಬಿಗಿಯಾಗಿ ಕಟ್ಟಿದ ತಂತಿ ಅದನ್ನು ತಡೆಯಲಾರದು.

ಪೂರ್ತಿ ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್‌ನ ಮೆಗ್ಗರ್ ತರಿಸಿದೆ. ತಂತಿಯ ಕವಚದಿಂದ ಕರೆಂಟ್ ಸೋರುತ್ತದೆಯೇ ಎಂದು ಅಳೆಯುವ ಮೀಟರ್ ಅದು, ರೀಡಿಂಗ್ ಜಾಸ್ತಿ ಬಂದಷ್ಟೂ ಕವಚ ಚೆನ್ನಾಗಿದೆ ಎಂದರ್ಥ. ಪೆಟ್ಟಿಗೆಗಳಲ್ಲಿ ತಂತಿ ಬಿಡಿಸಿ, ನಾಲ್ಕು ತುಂಡುಗಳನ್ನೂ ಮಣ್ಣಿನ ಎದುರು ಬೇರೆಬೇರೆ ಅಳೆದೆವು. ಎಲ್ಲವೂ ಚೆನ್ನಾಗಿ ಬಂತು. ಆದರೆ ಒಣ ಮಣ್ಣಿನಲ್ಲಿ ಗಾಯ ಇದ್ದರೂ ತೋರುವುದಿಲ್ಲ ಎಂದು ನೆನಪಾಗಿ ಕಣಿಗೆ ನೀರು ಬಿಟ್ಟು ಇನ್ನೊಮ್ಮೆ ಅಳೆದೆವು. ಮೂರನೇ ತುಂಡಿನ ರೀಡಿಂಗ್ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಹುಡುಕಿದರೆ ತಿರುವಿನಲ್ಲಿ ಒಂದು ಕಲ್ಲು ಕವಚವನ್ನು ಸೀಳಿತ್ತು. ಆ ತುಂಡನ್ನು ಪೂರ್ತಿ ಬದಲಾಯಿಸಿದೆ. ಅರ್ಧ ದಿನ ಹೆಚ್ಚು ಹಿಡಿಯಿತು, ಆದರೆ ಮಣ್ಣು ಹಾಕಿದ ಮೇಲೆ ಗೊತ್ತಾಗಿದ್ದರೆ?

ಮುಂದಿನ ವರ್ಷ ಓಎಫ್‌ಸಿ (ಆಪ್ಟಿಕಲ್ ಫೈಬರ್ ಕೇಬಲ್) ಕೆಲಸದ ಹುಡುಗನೊಬ್ಬ ಲೊಕೇಟರ್ ತಂದು ಪರೀಕ್ಷಿಸಿದ. ಮೇಲಿನ ತುದಿಯಲ್ಲಿ ಟ್ರಾನ್ಸ್‌ಮಿಟರಿನ ಒಂದು ಕ್ಲಿಪ್ ತಂತಿಗೆ, ಇನ್ನೊಂದು ಕ್ಲಿಪ್, ಪೈಪ್ ಲೈನಿಗೆ ಅಡ್ಡವಾಗಿ ದೂರದಲ್ಲಿ ಹೊಡೆದ ಅರ್ಥಿಂಗ್ ರಾಡಿಗೆ. ಅರ್ಧ ದಾರಿಯಲ್ಲೇ ಸಿಗ್ನಲ್ ಸೊರಗಿತು. ಕೆಳಗಿನ ತುದಿಗೂ ಅರ್ಥಿಂಗ್ ಬೇಕು, ಇಲ್ಲದಿದ್ದರೆ ಕರೆಂಟ್ ಮಣ್ಣಿನ ಮೂಲಕ ವಾಪಸ್ ಬರಲು ದಾರಿಯಿಲ್ಲ ಎಂದ ಅವನು. ಅಲ್ಲೊಂದು ರಾಡ್ ಹೊಡೆದು, ಬುಡಕ್ಕೆ ಎರಡು ಕೊಡ ನೀರು ಸುರಿದು ತಂತಿ ಸೇರಿಸಿದೆವು. ಆಮೇಲೆ ಕೊನೆಯ ವಾಲ್ವಿನವರೆಗೂ ಸಿಗ್ನಲ್ ಸ್ಪಷ್ಟ. ಅವನು ಸಿಗ್ನಲಿನ ಫ್ರೀಕ್ವೆನ್ಸಿ 512 ಹರ್ಟ್ಸ್ ಇಟ್ಟಿದ್ದ. 33 ಕಿಲೋಹರ್ಟ್ಸ್‌ನಂಥ ದೊಡ್ಡ ಫ್ರೀಕ್ವೆನ್ಸಿ ಪಕ್ಕದ ಬೇರೆ ಕೇಬಲ್‌ಗೆ ಬೇಗ ಹಾರಿ ದಾರಿ ತಪ್ಪಿಸುತ್ತದೆ.

ಕೆಲಸ ಮುಗಿದ ಮೇಲೆ ಎರಡೂ ತುದಿಯ ಅರ್ಥಿಂಗ್ ಬಿಡಿಸಿಡುತ್ತೇನೆ. ನಮ್ಮ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಕಂಡವರು ಬೇರೆ ಕಾರಣ ಕೇಳಲಾರರು. ಮನೆಯ ಅರ್ಥಿಂಗ್‌ಗಂತೂ ಈ ತಂತಿಯನ್ನು ಸೇರಿಸಲೇಬೇಡಿ.

ಈ ಜನವರಿಯಲ್ಲಿ ಪುನಃ ಜೆಸಿಬಿ ಬಂತು. ಹಿಂದಿನ ದಿನವೇ ತಂತಿಯ ದಾರಿಗೆ ಸುಣ್ಣದ ಗೆರೆ ಎಳೆದಿದ್ದೆ. ಡ್ರೈವರ್ ಗೆರೆಯಿಂದ ಎರಡು ಅಡಿ ಬಿಟ್ಟು ಅಗೆದ. ಸಂಜೆ ಎಂದಿನಂತೆ ಸ್ಪ್ರಿಂಕ್ಲರ್ ತಿರುಗಿತು.