ಫುಟ್ ಹೇಳುತ್ತಾನೋ, ಹೇಳುತ್ತಾಳೋ?

ಕೆಲವು ವರ್ಷಗಳ ಹಿಂದೆ ನೀತಿಶಾಸ್ತ್ರದ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ. ಬ್ರೇಕ್ ಕೆಟ್ಟ ಟ್ರಾಮು, ಒಂದು ಹಳಿಯ ಮೇಲೆ ಐದು ಜನ, ಇನ್ನೊಂದರ ಮೇಲೆ ಒಬ್ಬ. ಚಾಲಕ ಯಾವ ಕಡೆ ತಿರುಗಿಸಬೇಕು? ಫುಟ್ ಎಂಬ ದಾರ್ಶನಿಕರು ಎತ್ತಿದ ಆ ಪ್ರಸಿದ್ಧ ಪ್ರಶ್ನೆ. ಉತ್ತರಗಳು ಚೆನ್ನಾಗಿಯೇ ಇದ್ದವು. ಆದರೆ ಒಂದಾದ ಮೇಲೊಂದು ಪೇಪರಿನಲ್ಲಿ 'ಫುಟ್ ಹೇಳುತ್ತಾನೆ' ಎಂದೇ ಇತ್ತು. ಹುಡುಗಿಯರೂ ಹಾಗೇ ಬರೆದಿದ್ದರು.

ನನ್ನ ನೋಟ್ಸ್ ತೆಗೆದು ನೋಡಿದೆ. 'ಫುಟ್ ಪ್ರಕಾರ', 'ಫುಟ್ ಅವರ ವಾದ' ಅಂತಷ್ಟೇ ಬರೆಸಿದ್ದೆ. ಇಂಗ್ಲಿಷ್ ಪುಸ್ತಕದಲ್ಲಿ ಅಡ್ಡಹೆಸರೊಂದೇ ಇದ್ದರೆ ಹೆಣ್ಣೋ ಗಂಡೋ ಗೊತ್ತಾಗದೆ ಓದಿ ಮುಗಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಮುಗಿಸುವಾಗ '-ತ್ತಾನೆ'ಯೋ '-ತ್ತಾಳೆ'ಯೋ ಎಂದು ನಿರ್ಧರಿಸಲೇಬೇಕು. ನಾನು ಹೇಳದೆ ಬಿಟ್ಟ ಜಾಗದಲ್ಲಿ ಮಕ್ಕಳು ಗಂಡಸನ್ನು ಕೂರಿಸಿದ್ದರು. 1967ರಲ್ಲಿ ಆ ಪ್ರಶ್ನೆ ಎತ್ತಿದವಳು ಫಿಲಿಪ್ಪಾ ಫುಟ್. ಅದನ್ನು ಬೆಳೆಸಿ, ಇಂದು ಎಲ್ಲರೂ ಕರೆಯುವ 'ಟ್ರಾಲಿ ಸಮಸ್ಯೆ' ಎಂಬ ಹೆಸರು ಕೊಟ್ಟವಳು ಜೂಡಿತ್ ಜಾರ್ವಿಸ್ ಥಾಮ್ಸನ್. ಅವತ್ತಿನಿಂದ ಪೂರ್ತಿ ಹೆಸರು ಹೇಳದೆ ಪಾಠ ಶುರು ಮಾಡುವುದಿಲ್ಲ. ಕಾಂಟ್ 'ಹೇಳುತ್ತಾನೆ' ಅನ್ನುವ ಸಲುಗೆಯಲ್ಲೇ ಫುಟ್ 'ಹೇಳುತ್ತಾಳೆ' ಅನ್ನುತ್ತೇನೆ. 'ಹೇಳುತ್ತಾರೆ' ಅಂದರೆ ಮರ್ಯಾದೆ ಉಳಿಯುತ್ತದೆ, ಹೆಣ್ಣು ಮತ್ತೆ ಮರೆಯಾಗುತ್ತಾಳೆ.

ಅದಕ್ಕೂ ಮೊದಲು ಮಾರ್ಚ್ 8ಕ್ಕೆ 'ಮಹಿಳಾ ದಾರ್ಶನಿಕರು' ಅಂತ ಚಾರ್ಟ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿಸುತ್ತಿದ್ದೆ. ಚಾರ್ಟಿನಲ್ಲಿದ್ದ ಒಂದು ಹೆಸರೂ ಉತ್ತರಪತ್ರಿಕೆಗೆ ಬರಲಿಲ್ಲ. ಬೇರೆ ಘಟಕ ಮಾಡಿ ಕೊನೆಗೆ ಸೇರಿಸಿದರೂ ಅದೇ ಗತಿ. ಸಮಯ ಸಾಲದೆ ಮೊದಲು ಬಿಟ್ಟುಹೋಗುವುದು ಆ ಘಟಕವೇ. ಪಠ್ಯಕ್ರಮ ಬದಲಿಸುವುದು ನನ್ನ ಕೈಯಲ್ಲಿರಲಿಲ್ಲ. ಯಾವ ವಾದವನ್ನು ಯಾರ ಬಾಯಿಂದ ಶುರು ಮಾಡಬೇಕು ಎನ್ನುವುದು ಮಾತ್ರ ನನ್ನದು. ಅಲ್ಲಿಗೆ ಕೈ ಹಾಕಿದೆ.

ದೇಹ ಬೇರೆ, ಮನಸ್ಸು ಬೇರೆ ಎನ್ನುವ ಫ್ರೆಂಚ್ ದಾರ್ಶನಿಕ ಡೆಕಾರ್ಟೆಯ ದ್ವೈತವನ್ನು ಈಗ 1643ರ ಮೇ ತಿಂಗಳ ಒಂದು ಪತ್ರದಿಂದ ಶುರು ಮಾಡುತ್ತೇನೆ. ಬರೆದವಳು ಬೊಹಿಮಿಯಾದ ಎಲಿಸಬೆತ್. ರಾಜ್ಯ ಕಳೆದುಕೊಂಡು ಹೇಗ್ ನಗರದಲ್ಲಿ ಆಶ್ರಯ ಪಡೆದಿದ್ದ ಮನೆತನದ 24ರ ಹುಡುಗಿ. ಆತ್ಮಕ್ಕೆ ಆಕಾರವಿಲ್ಲ, ಅದು ಜಾಗ ಹಿಡಿಯುವುದಿಲ್ಲ ಅನ್ನುತ್ತೀರಿ. ಹಾಗಾದರೆ ಅದು ದೇಹವನ್ನು ತಳ್ಳುವುದು ಹೇಗೆ ಎಂದು ಕೇಳುತ್ತಾಳೆ. ಭಾರ ಎನ್ನುವ ಗುಣ ವಸ್ತುವನ್ನು ತಳ್ಳದೆಯೇ ಕೆಳಕ್ಕೆ ಒಯ್ಯುತ್ತದಲ್ಲ, ಹಾಗೆ ಎಂದು ಡೆಕಾರ್ಟೆ ಉಪಮೆ ಕೊಡುತ್ತಾನೆ. ಅವಳು ಒಪ್ಪುವುದಿಲ್ಲ. ಆತ್ಮವೂ ಜಡವಸ್ತುವೇ ಅಂದರೆ ಬೇಕಾದರೆ ನಂಬಬಲ್ಲೆ, ಇದನ್ನು ನಂಬಲಾರೆ ಎಂದು ಜೂನ್‌ನಲ್ಲಿ ಮತ್ತೆ ಬರೆಯುತ್ತಾಳೆ. ಮುಂದಿನ ವರ್ಷ ಡೆಕಾರ್ಟೆ ತನ್ನ ಗ್ರಂಥವೊಂದನ್ನು ಅವಳಿಗೇ ಅರ್ಪಿಸಿದ. ಅವನು ತೀರಿಹೋದ ಮೇಲೆ ತನ್ನ ಪತ್ರಗಳನ್ನು ಅಚ್ಚು ಮಾಡಲು ಅವಳು ಒಪ್ಪಲಿಲ್ಲ. ಅವು ಬೆಳಕು ಕಂಡದ್ದು 1879ರಲ್ಲಿ. ಅಲ್ಲಿಯವರೆಗೆ ಜಗತ್ತು ಓದಿದ್ದು ಅವನ ಉತ್ತರಗಳನ್ನು ಮಾತ್ರ.

ಈ ಪಾಠದ ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತೇನೆ. ಹೆಸರು ಬೇಡ, 'ಹೇಗೆ' ಎನ್ನುವ ಒಂದು ಪ್ರಶ್ನೆ ಸಾಕು. ನಮ್ಮ ತರಗತಿಯಲ್ಲಿ ಹುಡುಗಿಯರೇ ಹೆಚ್ಚು, ಎದ್ದುನಿಂತು ಕೇಳುವವರು ಮಾತ್ರ ಹಿಂದಿನ ಬೆಂಚಿನ ಮೂರು ಹುಡುಗರು. ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: 'ತಿಂಗಳ ಹೊಟ್ಟೆನೋವು ಬಂದ ದಿನ ನನಗೆ ಯೋಚನೇನೇ ಓಡಲ್ಲ. ಆತ್ಮಕ್ಕೆ ದೇಹದ ಹಂಗಿಲ್ಲ ಅಂದ್ರೆ ಇದು ಹೇಗೆ ಮೇಡಂ?' ಓದಿ ಒಂದು ಗಳಿಗೆ ಸುಮ್ಮನೆ ನಿಂತೆ. ಎಲಿಸಬೆತ್ ಜೂನ್ ಪತ್ರದಲ್ಲಿ ಎತ್ತಿದ ಮಾತು ಇದೇ: ಚೆನ್ನಾಗಿ ತರ್ಕ ಮಾಡಬಲ್ಲ ಆತ್ಮ, ಮೈಯೊಳಗೆ ಒಂದಿಷ್ಟು ಏರುಪೇರಾದ ಮಾತ್ರಕ್ಕೆ ಆ ಶಕ್ತಿ ಕಳೆದುಕೊಳ್ಳುವುದು ಹೇಗೆ? ಚೀಟಿಯನ್ನೂ ಪತ್ರವನ್ನೂ ಒಟ್ಟಿಗೆ ಓದಿದೆ. ಆ ಹೊತ್ತಿನ ಚರ್ಚೆ ಬೆಲ್ ಹೊಡೆದ ಮೇಲೂ ನಿಲ್ಲಲಿಲ್ಲ.

'ಮಹಿಳಾ ಅಧ್ಯಯನ ಅಂತ ಬೇರೇನೇ ಇದೆಯಲ್ಲ ಮೇಡಂ, ನಮ್ಮ ಭಾರತೀಯ ದರ್ಶನದಲ್ಲಂತೂ ಗಾರ್ಗಿ ಇದ್ದೇ ಇದ್ದಾಳೆ' ಅಂದರು ಸಹೋದ್ಯೋಗಿಯೊಬ್ಬರು. ಇದ್ದಾಳೆ ನಿಜ, ಆದರೆ ಅರ್ಧಕ್ಕೆ ನಿಲ್ಲಿಸಿದ್ದೇವೆ. ಬೃಹದಾರಣ್ಯಕ ಉಪನಿಷತ್ತಿನ ಮೂರನೇ ಅಧ್ಯಾಯದಲ್ಲಿ, ಜನಕರಾಜನ ಸಭೆಯ ವಾದದಲ್ಲಿ, ಯಾಜ್ಞವಲ್ಕ್ಯ ಅವಳಿಗೆ 'ಅತಿಯಾಗಿ ಕೇಳಬೇಡ, ತಲೆ ಉರುಳೀತು' ಅನ್ನುವಲ್ಲಿಗೆ ನಮ್ಮ ಕಥೆ ಮುಗಿಯುತ್ತದೆ. ಆದರೆ ಉಪನಿಷತ್ತಿನಲ್ಲಿ ಅವಳು ಮತ್ತೆ ಬರುತ್ತಾಳೆ. ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಎದುರು ನಿಂತ ವೀರನಂತೆ ಎರಡು ಪ್ರಶ್ನೆ ತಂದಿದ್ದೇನೆ ಎನ್ನುತ್ತಾಳೆ. ಉತ್ತರ ಕೇಳಿದ ಮೇಲೆ ಸಭೆಯತ್ತ ತಿರುಗಿ, ಇವನನ್ನು ನಿಮ್ಮಲ್ಲಿ ಯಾರೂ ಗೆಲ್ಲಲಾರಿರಿ, ನಮಸ್ಕರಿಸಿ ಪಾರಾಗಿ ಎಂದು ತೀರ್ಪು ಕೊಡುವವಳೂ ಅವಳೇ. ಅವಳ ಮಾತು ಮೀರಿ ವಾದಕ್ಕಿಳಿದ ಶಾಕಲ್ಯನ ತಲೆ ನಿಜಕ್ಕೂ ಉರುಳುತ್ತದೆ. ಸಭೆಯಲ್ಲಿ ಸೋಲು-ಗೆಲುವು ಅಳೆಯುವ ಅಧಿಕಾರ ಅವಳಿಗಿತ್ತು. ಆ ಭಾಗವನ್ನು ಈಗ ವಿದ್ಯಾರ್ಥಿಗಳಿಂದಲೇ ಗಟ್ಟಿಯಾಗಿ ಓದಿಸುತ್ತೇನೆ.

ಈ ಸೆಮಿಸ್ಟರಿನಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೀತಿಶಾಸ್ತ್ರಕ್ಕೆ ತಂದಿದ್ದೇನೆ. ಕನ್ನಡ ತರಗತಿಯಲ್ಲಿ ಅವಳು ವಚನಕಾರ್ತಿ. ನಮ್ಮ ತರಗತಿಗೆ ಇಷ್ಟು ದಿನ ಬಂದೇ ಇರಲಿಲ್ಲ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಆಸೆ ನಿಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದವಳು. ಎಷ್ಟು ಸಾಕು ಎನ್ನುವುದಕ್ಕಿಂತ ಹಳೆಯ ನೈತಿಕ ಪ್ರಶ್ನೆ ಯಾವುದಿದೆ? ಕಳೆದ ವಾರದ ಟೆಸ್ಟಿನಲ್ಲಿ 'ಲಕ್ಕಮ್ಮನ ನಿಲುವನ್ನು ಅರಿಸ್ಟಾಟಲ್ ಒಪ್ಪುತ್ತಿದ್ದನೇ? ಕಾರಣ ಕೊಡಿ' ಅಂತ 10 ಅಂಕಕ್ಕೆ ಕೇಳಿದ್ದೆ. ಪೇಪರುಗಳು ಮೇಜಿನ ಮೇಲಿವೆ, ಇವತ್ತು ರಾತ್ರಿ ತಿದ್ದಲು ಕೂರಬೇಕು.