ಬಣ್ಣದ ಮನೆಯ ನೀರು ಮತ್ತೆ ತೊಟ್ಟಿಗೆ

ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ಗೊತ್ತು, ನೀರು ಜಾಸ್ತಿ ಹೋಗುವುದು ಲಡಿ (ನೂಲಿನ ಕಟ್ಟು) ತೊಳೆಯುವುದಕ್ಕೆ. ಬೇಸಿಗೆಯಲ್ಲಿ ಕೃಷ್ಣೆ ಸೊರಗಿ ಟ್ಯಾಂಕರ್ ತರಿಸುವ ಕಾಲದಲ್ಲಿ ಈ ನೀರನ್ನು ಒಮ್ಮೆ ಬಳಸಿ ಚರಂಡಿಗೆ ಬಿಡುವುದು ದೊಡ್ಡ ನಷ್ಟ, ಅಲ್ವಾ?

ಮೊದಲು ನೀರು ಬೇರ್ಪಡಿಸಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಬಣ್ಣದ ತೊಟ್ಟಿಯ ನೀರಿನಲ್ಲಿ ಉಪ್ಪು, ಸೋಡಾ, ಉಳಿದ ಬಣ್ಣ ಎಲ್ಲ ಇರುತ್ತವೆ. ಕೊನೆಯ ತೊಳೆತದ ನೀರು ಹೆಚ್ಚುಕಮ್ಮಿ ತಿಳಿಯಾಗಿರುತ್ತದೆ. ಎರಡನ್ನೂ ಒಂದೇ ಗಟಾರಕ್ಕೆ ಬಿಟ್ಟರೆ ಒಳ್ಳೆಯ ನೀರೂ ಕೆಡುತ್ತದೆ. ಬೇರೆ ಪೈಪು ಹಾಕಿ, ಕೊನೆಯ ತೊಳೆತದ ನೀರನ್ನು ಮುಂದಿನ ಲಾಟಿನ ಮೊದಲ ತೊಳೆತಕ್ಕೆ ಬಳಸಿ. ಅದೇ ಬಣ್ಣ ಅಥವಾ ಅದಕ್ಕಿಂತ ಗಾಢ ಬಣ್ಣದ ನೂಲಾದರೆ ತೊಂದರೆಯಿಲ್ಲ.

ಉಳಿದ ತೊಳೆತದ ನೀರನ್ನು ಜಾಳಿಗೆಯಲ್ಲಿ ಸೋಸಿ ಒಂದು ದೊಡ್ಡ ತೊಟ್ಟಿಯಲ್ಲಿ ಕೂಡಿಸಿ. ಬೆಳಿಗ್ಗೆ ಕೆಂಪು, ಮಧ್ಯಾಹ್ನ ಹಸಿರು ಬರುವ ನೀರು ಇಲ್ಲಿ ಬೆರೆತು ಒಂದು ಹದಕ್ಕೆ ಬರುತ್ತದೆ. ಸೋಡಾದಿಂದಾಗಿ ಇದರ ಪಿಎಚ್ (ಹುಳಿ-ಕ್ಷಾರದ ಅಳತೆ) ಮೇಲೇ ಇರುತ್ತದೆ. ಕೊಳೆಯನ್ನು ಗಂಟುಕಟ್ಟಿಸಿ ತಳಕ್ಕಿಳಿಸುವ ಆಲಂ (ಪಟಿಕ) ಚೆನ್ನಾಗಿ ಕೆಲಸ ಮಾಡುವುದು 6ರಿಂದ 7.5ರ ಆಸುಪಾಸಿನಲ್ಲಿ. ಪಿಎಚ್ ಇಳಿಸುವಾಗ ಆಸಿಡ್ ಅನ್ನು ನೀರಿಗೆ ಹಾಕಬೇಕು, ಆಸಿಡ್‌ಗೆ ನೀರನ್ನಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು.

ಆಲಂ ಎಷ್ಟು ಹಾಕಬೇಕು? ಅಂದಾಜು ಬೇಡ, ಪರೀಕ್ಷೆ ಮಾಡಿ. ಒಂದು ಲೀಟರ್ ಆಗುವಂತೆ ನೀರಿನಲ್ಲಿ 10 ಗ್ರಾಂ ಆಲಂ ಕರಗಿಸಿಕೊಳ್ಳಿ. ನಾಲ್ಕು ಗಾಜಿನ ಜಾರುಗಳಲ್ಲಿ ಒಂದೊಂದು ಲೀಟರ್ ಬಣ್ಣದ ನೀರು ತುಂಬಿ, ಕ್ರಮವಾಗಿ 10, 20, 30, 40 ಮಿ.ಲೀ. ದ್ರಾವಣ ಹಾಕಿ. ಪ್ರತಿ 10 ಮಿ.ಲೀ.ಗೆ 100 ಮಿಲಿಗ್ರಾಂ ಆಲಂ ಸೇರಿದಂತಾಯಿತು. ಒಂದು ನಿಮಿಷ ಜೋರಾಗಿ, ಆಮೇಲೆ 15 ನಿಮಿಷ ಮೆಲ್ಲಗೆ ಕಲಕಿ. ಹಿಂಜಿದ ಹತ್ತಿಯಂಥ ಚೂರುಗಳು ಕಾಣತೊಡಗುತ್ತವೆ. ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ಅತಿ ಕಡಿಮೆ ಆಲಂನಲ್ಲಿ ನೀರು ತಿಳಿಯಾದ ಜಾರೇ ನಿಮ್ಮ ಅಳತೆ. ಬಣ್ಣ ಬದಲಾದರೆ ಪರೀಕ್ಷೆಯೂ ಮತ್ತೆ ಆಗಬೇಕು.

ಅದೇ ಅಳತೆಯಲ್ಲಿ ತೊಟ್ಟಿಗೂ ಆಲಂ ಹಾಕಿ ಕಲಕಿ, ನೀರು ತಿಳಿಯಾಗಲು ಬಿಡಿ. ತಳದ ಗಸಿಯನ್ನು ಒಣಗಿಸಿ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ವಿಲೇವಾರಿ ಘಟಕಕ್ಕೇ ಕೊಡಿ. ಹೊಲಕ್ಕೆ ಸುರಿಯಲೇಬೇಡಿ. ಮೇಲಿನ ನೀರನ್ನು ಮರಳಿನ ಫಿಲ್ಟರ್, ಆಮೇಲೆ ಕಾರ್ಬನ್ ಫಿಲ್ಟರ್‌ನಲ್ಲಿ ಹಾಯಿಸಿ. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣ ನೀರಿನಲ್ಲಿ ಪೂರ್ತಿ ಕರಗಿರುವುದರಿಂದ ಆಲಂಗೆ ಅಷ್ಟಾಗಿ ಜಗ್ಗುವುದಿಲ್ಲ. ಅದನ್ನು ಹಿಡಿಯುವುದರಲ್ಲಿ ಕಾರ್ಬನ್ ವಾಸಿ. ಗಂಜಿ, ಸಾಬೂನು ಜಾಸ್ತಿ ಇದ್ದರೆ ಮಾತ್ರ ಫಿಲ್ಟರ್‌ಗೆ ಮೊದಲು ಗಾಳಿ ಊದುವ ತೊಟ್ಟಿಯೂ ಬೇಕು.

ಉಪ್ಪು ಮಾತ್ರ ಇದ್ಯಾವುದಕ್ಕೂ ಹೋಗುವುದಿಲ್ಲ. ಅದಕ್ಕೆ ಆರ್‌ಓ (ಒತ್ತಡದಿಂದ ನೀರನ್ನು ತೆಳು ಪೊರೆಯಲ್ಲಿ ಸೋಸುವ ಯಂತ್ರ) ಬೇಕು. ಆರ್‌ಓ ಹೊರಹಾಕುವ ಉಪ್ಪುನೀರನ್ನು, ಬಣ್ಣದ ತೊಟ್ಟಿಯ ಗಟ್ಟಿ ನೀರನ್ನು ಕಾಯಿಸಿ ಇಂಗಿಸಲು ಒಬ್ಬರಿಗೆ ಖರ್ಚು ಭಾರ. ಹತ್ತಾರು ಘಟಕ ಸೇರಿ ಒಂದೇ ಸ್ಥಾವರ ಕಟ್ಟುವುದು ಲೇಸು. ತಿರುಪ್ಪೂರಿನಲ್ಲಿ 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಬಣ್ಣದ ಘಟಕಗಳು ಮುಚ್ಚಿದವು. ಈಗ ಅಲ್ಲಿ ಸಾಮೂಹಿಕ ಸ್ಥಾವರಗಳು ನೀರಿನ ಜತೆ ಉಪ್ಪನ್ನೂ ಮರಳಿ ಪಡೆಯುತ್ತಿವೆ.

ಸಿಕ್ಕ ನೀರು ಕುಡಿಯಲು ಅಲ್ಲ. ಅದರ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ), ಗಡಸುತನ ನೋಡಿಕೊಂಡು, ಒಂದೇ ಬಣ್ಣವನ್ನು ಒಂದು ಸಣ್ಣ ಲಡಿಗೆ ಬೋರ್ ನೀರಿನಲ್ಲಿ, ಇನ್ನೊಂದಕ್ಕೆ ಈ ನೀರಿನಲ್ಲಿ ಹಾಕಿ. ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಛಾಯೆ ಬೇರೆಯಾದರೆ ಸದ್ಯಕ್ಕೆ ತೊಳೆಯಲು ಮಾತ್ರ ಬಳಸಿ.